ಹಿನ್ನೀರಿನ ದೋಣಿಗೆ ಎಂಜಿನ್ ಕೊಂಡ ಬಗೆ

ಹತ್ತು ಅಶ್ವಶಕ್ತಿಯ ಎಂಜಿನ್ ಒಂದಕ್ಕೆ ನನ್ನ ಕೈಯಲ್ಲಿ ನಾಲ್ಕು ಬೆಲೆ ಇದ್ದವು. ಅಮೆರಿಕದಿಂದ ಅಕ್ಕನ ಮಗ ಬರೆದು ಕಳುಹಿಸಿದ್ದು 2,200 ಡಾಲರ್, ಡಾಲರಿಗೆ 84ರಂತೆ 1,84,800 ರೂಪಾಯಿ. ಕೊಚ್ಚಿಯ ವ್ಯಾಪಾರಿ ಫೋನಿನಲ್ಲಿ ಹೇಳಿದ್ದು 1,72,000. ಹೊನ್ನಾವರದ ಅಂಗಡಿಯವರದು 2,35,000. ಆನ್‌ಲೈನ್‌ನಲ್ಲಿ ಚೀನಾದ ಎಂಜಿನ್ 98,000. ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು ಜಗಲಿಯ ಮೇಲಿಟ್ಟಿದ್ದೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಹೊನ್ನಾವರದವನು ಸುಲಿಯುತ್ತಿದ್ದಾನೆ" ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಕಡೆಗೆ ನಾನು ಎಂಜಿನ್ ತಂದದ್ದು ಹೊನ್ನಾವರದಿಂದಲೇ. ಅಲ್ಲಿಗೆ ಬಂದು ಮುಟ್ಟಲು 2024ರ ಮೇ ತಿಂಗಳಿಂದ ದೀಪಾವಳಿಯವರೆಗೆ ಓಡಾಡಿದ್ದೇನೆ.

ಎಂಜಿನ್ ಯಾಕೆ ಬೇಕಾಯಿತು ಎನ್ನುವುದನ್ನು ಮೊದಲು ಹೇಳುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಶರಾವತಿ ನಿಂತಾಗ ನಮ್ಮ ಅಜ್ಜನ ಮನೆ, ಗದ್ದೆ, ಹಳೆಯ ತೋಟ ಎಲ್ಲವೂ ನೀರಿನಡಿಗೆ ಹೋದವು. ಗುಡ್ಡದ ಮಗ್ಗುಲಲ್ಲಿದ್ದ ಎರಡು ಎಕರೆ ತೋಟ ಮಾತ್ರ ಉಳಿಯಿತು. ಅದು ಹಿನ್ನೀರಿನ ಆಚೆ ದಡ, ನಾವು ಸಾಗರದ ಕಡೆಯ ಈಚೆ ದಡ. ಹೊಳೆಬಾಗಿಲಿಗೆ ಹೋಗಿ ಲಾಂಚ್ ಹತ್ತಿ ಸುತ್ತು ಬಳಸಿ ತೋಟ ಸೇರಲು ಅರ್ಧ ದಿನ ಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಹಾಗಾಗಿ ಮೂರು ತಲೆಮಾರಿನಿಂದ ನಮ್ಮದು ದೋಣಿ ಮತ್ತು ಹುಟ್ಟು. ಬೆಳಿಗ್ಗೆ ನೀರು ಕನ್ನಡಿಯ ಹಾಗೆ ಇರುತ್ತದೆ. ಮಧ್ಯಾಹ್ನ ಎರಡು ಗಂಟೆ ದಾಟಿತೋ, ಗಾಳಿ ಎದ್ದು ತೆರೆ ಏಳುತ್ತದೆ. ಕೊಯ್ಲಿನ ದಿನಗಳಲ್ಲಿ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡರನ್ನೂ ಅಡಿಕೆ ಗೊನೆಗಳನ್ನೂ ತುಂಬಿಕೊಂಡು ಆ ಗಾಳಿಗೆ ಎದುರಾಗಿ ಹುಟ್ಟು ಹಾಕುವುದು ಐವತ್ತು ದಾಟಿದ ನನ್ನ ಭುಜಕ್ಕೆ ಇನ್ನು ಆಗದ ಕೆಲಸ.

ಅಡಿಕೆ ಬೆಳೆಯುವವನಿಗೆ ಒಂದೇ ಸರಕಿಗೆ ಹಲವು ದರ ಇರುವುದು ಹೊಸತಲ್ಲ. ರಾಶಿಗೆ ಒಂದು, ಬೆಟ್ಟೆಗೆ ಒಂದು, ಗೊರಬಲಿಗೆ ಒಂದು. ಸಾಗರದಲ್ಲಿ ಒಂದು, ಶಿವಮೊಗ್ಗದಲ್ಲಿ ಒಂದು. ಆದರೆ ಅಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು, ಒಂದನ್ನು ಒಡೆದು ನೋಡಿದರೆ ವ್ಯತ್ಯಾಸ ಯಾಕೆಂದು ನನಗೆ ತಿಳಿಯುತ್ತದೆ. ಎಂಜಿನ್‌ನಲ್ಲಿ ಒಡೆದು ನೋಡಬೇಕಾದದ್ದು ಏನು ಎಂಬುದೇ ನನಗೆ ಗೊತ್ತಿರಲಿಲ್ಲ.

ಜೂನ್ ಎರಡನೆಯ ವಾರ ಜೋಗ, ಮಾವಿನಗುಂಡಿ, ಗೇರುಸೊಪ್ಪೆಯ ಘಟ್ಟ ಇಳಿದು ಹೊನ್ನಾವರಕ್ಕೆ ಹೋದೆ. ನಮ್ಮ ಮನೆಯ ಮುಂದೆ ನಿಂತ ನೀರೇ ಅಲ್ಲಿ ಕಡಲು ಸೇರುತ್ತದೆ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲದ ತುಂಬ ಬಿಚ್ಚಿದ ಎಂಜಿನ್‌ಗಳು, ಒದ್ದೆ ಹಗ್ಗದ ವಾಸನೆ, ಸೀಮೆಎಣ್ಣೆಯ ವಾಸನೆ. ಅಂಗಡಿಯವರು ತಲೆ ಎತ್ತದೆಯೇ 2,35,000 ಎಂದರು. ಚೌಕಾಸಿಗೆ ಬಾಯಿ ತೆರೆದಾಗ, "ಘಟ್ಟದ ಮೇಲಿನವರೇ, ಈಗ ಹತ್ತು ಎಚ್‌ಪಿ ಎಂಜಿನ್‌ಗೆ ನಾನು ಬೆಲೆ ಇಳಿಸುವ ಕಾಲವಲ್ಲ. ನವರಾತ್ರಿ ಕಳೆದು ಬನ್ನಿ" ಎಂದು ಕಳುಹಿಸಿಬಿಟ್ಟರು.

ಬೇಸರದಿಂದಲೇ ಘಟ್ಟ ಹತ್ತಿದೆ. ಅವರ ಮಾತಿನ ಅರ್ಥ ತಿಳಿದದ್ದು ಆಮೇಲೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ಆ ನಿಷೇಧವಿಲ್ಲ. ಎಂದರೆ ನಾನು ಕೇಳಲು ಹೋದ ಅಳತೆಯ ಎಂಜಿನ್‌ಗೇ ವರ್ಷದಲ್ಲೆಲ್ಲ ಹೆಚ್ಚು ಬೇಡಿಕೆ ಇರುವ ವಾರದಲ್ಲಿ ನಾನು ಹೋಗಿ ನಿಂತಿದ್ದೆ. ಕೊಯ್ಲಿನ ಹೊತ್ತಿಗೆ ಕೊನೆಗೌಡನ ಕೂಲಿ ಚೌಕಾಸಿ ಮಾಡಿದಂತೆ.

ಕೊಚ್ಚಿಯ ದರ ಫೋನಿನಲ್ಲೇ ಬಂತು. 1,72,000 ಎಂದು ಕೇಳಿದಾಗ ಕುಣಿಯುವಂತಾಯಿತು. ಬರವಣಿಗೆಯಲ್ಲಿ ಕಳುಹಿಸಿ ಎಂದು ಮೂರು ಸಲ ಕೇಳಿದ ಮೇಲೆ ಕೊಟೇಶನ್ ಬಂತು; ಅದರ ಕೆಳಗೆ "ತೆರಿಗೆ ಪ್ರತ್ಯೇಕ" ಎಂದಿತ್ತು. ಆಗ ಅಂಥ ಎಂಜಿನ್‌ಗೆ ಜಿಎಸ್‌ಟಿ ಶೇ. 28. ಸೇರಿಸಿದರೆ 2,20,160. ಇಂಧನದ ಟ್ಯಾಂಕ್, ಅದರ ಪೈಪ್, ಸಾಗರದವರೆಗಿನ ಲಾರಿ ಬಾಡಿಗೆ ಇವು ಯಾವುವೂ ಅದರಲ್ಲಿರಲಿಲ್ಲ. ಹೊನ್ನಾವರದ ಬೆಲೆಯಲ್ಲಿ ತೆರಿಗೆ, ಟ್ಯಾಂಕ್, ದೋಣಿಗೆ ಕೂರಿಸುವ ಕೂಲಿ ಎಲ್ಲ ಸೇರಿತ್ತು. ಫೋನಿನಲ್ಲಿ ಮೊದಲೇ ಅಷ್ಟು ಹೇಳಿದ್ದರೆ ಆ ವ್ಯಾಪಾರಿಯ ಮೇಲೆ ನನಗೆ ಗೌರವ ಉಳಿಯುತ್ತಿತ್ತು.

ತೆರಿಗೆಯ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಮೀನುಗಾರಿಕೆಯ ದೋಣಿಯ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ. 5, ದೋಣಿಗೆ ಕೂರುವ ಎಂಜಿನ್ ಕೂಡ ಬಿಡಿಭಾಗವೆಂದೇ ಲೆಕ್ಕ. ವಿಹಾರದ ದೋಣಿಗೆ ಆ ರಿಯಾಯಿತಿ ಇಲ್ಲ. ಅದೇ ಎಂಜಿನ್, ಅದೇ ಪೆಟ್ಟಿಗೆ, ಕೂರುವ ದೋಣಿ ಯಾವುದು ಎನ್ನುವುದರ ಮೇಲೆ ಆಗ ಸುಮಾರು 42,000 ರೂಪಾಯಿ ವ್ಯತ್ಯಾಸವಾಗುತ್ತಿತ್ತು. ನನ್ನದು ಮೀನಿನ ದೋಣಿಯಲ್ಲ. "ಗುರುತಿನ ಮೀನುಗಾರರೊಬ್ಬರ ಹೆಸರಿನಲ್ಲಿ ಬಿಲ್ ಮಾಡಿಸು" ಎಂದು ಊರಿನಲ್ಲಿ ಇಬ್ಬರು ಹೇಳಿದರು. ಆ ದಾರಿ ನನಗೆ ಬೇಡವಾಯಿತು. ಮಳೆಗಾಲದ ಕಡಲಿಗೆ ಸಣ್ಣ ದೋಣಿ ಇಳಿಸುವವರನ್ನು ಆ ಜೂನ್‌ನಲ್ಲಿ ಕಣ್ಣಾರೆ ಕಂಡು ಬಂದಿದ್ದೆ. ಅವರಿಗೆಂದು ಇಟ್ಟ ರಿಯಾಯಿತಿಗೆ ಅಡಿಕೆ ತೋಟದವನು ಕೈ ಹಾಕುವುದು ಸರಿಯಲ್ಲ.

ಅಕ್ಟೋಬರಿನಲ್ಲಿ ಅಕ್ಕನ ಮಗನ ಸಂದೇಶ ಬಂತು. ಅವನಿರುವುದು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. "ಮಾವ, ಇಲ್ಲಿ ಎಷ್ಟು ಅಗ್ಗ ನೋಡಿ" ಎಂದು ಬರೆದಿದ್ದ. ಮರುದಿನ ಮುಂಜಾನೆ ಫೋನಿನಲ್ಲಿ ಕುಳಿತು ಇಬ್ಬರೂ ಆ ಅಗ್ಗದ ಒಳಗೆ ಏನಿದೆ ಎಂದು ಬಿಡಿಸಿದೆವು. ಒರೆಗಾನ್‌ನಲ್ಲಿ ಮಾರಾಟ ತೆರಿಗೆಯೇ ಇಲ್ಲ. ಕೊಲಂಬಿಯಾ ನದಿ ದಾಟಿ ವಾಷಿಂಗ್ಟನ್ ರಾಜ್ಯಕ್ಕೆ ಹೋದರೆ ಇದೆ. ಅಮೆರಿಕದ ಅಂಗಡಿಯಲ್ಲಿ ಚೀಟಿಯ ಮೇಲೆ ಬರೆದ ಬೆಲೆಗೆ ತೆರಿಗೆಯನ್ನು ಬಿಲ್ ಮಾಡುವಾಗ ಕೂಡಿಸುತ್ತಾರೆ, ಬ್ರಿಟನ್‌ನಲ್ಲಿ ಶೇ. 20 ವ್ಯಾಟ್ ಸೇರಿಸಿಯೇ ಚೀಟಿ ಅಂಟಿಸುತ್ತಾರೆ. ಎರಡು ದೇಶದ ಚೀಟಿಗಳನ್ನು ಹಾಗೆಯೇ ಪಕ್ಕಪಕ್ಕ ಇಟ್ಟರೆ ಬ್ರಿಟನ್ನಿನವರು ದುಬಾರಿ ಎಂದು ಕಾಣುತ್ತಾರೆ. ಜೊತೆಗೆ ಅಲ್ಲಿ ಅಕ್ಟೋಬರ್ ಎಂದರೆ ದೋಣಿಗಳನ್ನು ನೀರಿನಿಂದೆತ್ತಿ ಹೊದಿಸಿಡುವ ಕಾಲ. ಅಂಗಡಿಗಳು ಆ ವರ್ಷದ ಸರಕನ್ನು ಚಳಿಗಾಲಕ್ಕೆ ಮುಂಚೆ ಖಾಲಿ ಮಾಡುತ್ತಿದ್ದವು. ನಮ್ಮ ಹುಡುಗ ನೋಡಿದ್ದು ಅಂಥ ಬೆಲೆ.

ಅದನ್ನು ಇಲ್ಲಿಗೆ ತರುವ ಲೆಕ್ಕ ಹಾಕಿದೆವು. ಸುಮಾರು 40 ಕಿಲೋ ಭಾರ. ವಿಮಾನದಲ್ಲಿ ಕೊರಿಯರ್ ಮೂಲಕ ಕಳುಹಿಸುವಾಗ ತೂಕದ ಜೊತೆಗೆ ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವ ಕಿಲೋ ಹೆಚ್ಚಿದ್ದರೆ ಅದಕ್ಕೇ ಬಾಡಿಗೆ. ಹುಟ್ಟಿನಂಥ ಹಗುರ ವಸ್ತುಗಳೂ ದೇಶ ದಾಟಿದ ಕೂಡಲೇ ದುಬಾರಿಯಾಗುವುದು ಇದರಿಂದಲೇ. ಹಡಗಿನಲ್ಲಾದರೆ, ಒಂದು ಪೂರ್ತಿ ಕಂಟೇನರ್ ತುಂಬಿಸುವ ಡೀಲರ್‌ಗೆ ಒಂದು ಎಂಜಿನ್ನಿನ ಮೇಲೆ ಬೀಳುವ ಬಾಡಿಗೆ ಬೇರೆ, ಒಂದೇ ಪೆಟ್ಟಿಗೆ ಕಳುಹಿಸುವವನಿಗೆ ಬೀಳುವುದು ಬೇರೆ. ನಮಗೆ ಬಾಡಿಗೆ, ವಿಮೆ ಸೇರಿ 40,000 ಎಂದರು. ನಮ್ಮ ಕಸ್ಟಮ್ಸ್‌ನವರು ಸುಂಕ ಹಾಕುವುದು ಎಂಜಿನ್ನಿನ ಬೆಲೆಗೆ ಈ ಎರಡನ್ನೂ ಕೂಡಿಸಿದ ಮೊತ್ತದ ಮೇಲೆ. ಮೂಲ ಸುಂಕ ಶೇ. 10 ಎಂದು ಹಿಡಿದರೆ, ನೂರು ರೂಪಾಯಿಗೆ ಸುಂಕ ಹತ್ತು. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಮೇಲ್ತೆರಿಗೆ, ಅಲ್ಲಿಗೆ 111. ಅದರ ಮೇಲೆ ಆಗ ಶೇ. 28 ಐಜಿಎಸ್‌ಟಿ, ಎಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ. ನೂರು ಎನ್ನುವುದು 142 ರೂಪಾಯಿ 8 ಪೈಸೆಯಾಗಿ ಬಂದರಿನಿಂದ ಹೊರಬೀಳುತ್ತಿತ್ತು. ನಮ್ಮ 2,24,800 ಹೀಗೆ 3,19,000 ದಾಟಿತು. ಕ್ಲಿಯರಿಂಗ್ ಏಜೆಂಟರ ಶುಲ್ಕ ಇನ್ನೂ ಬಾಕಿ. ವ್ಯಾಪಾರಿಯೂ ಇದೇ ತೆರಿಗೆ ಕಟ್ಟುತ್ತಾನೆ, ಆದರೆ ಮಾರುವಾಗ ಗಿರಾಕಿಯಿಂದ ಪಡೆದ ತೆರಿಗೆಯಲ್ಲಿ ಐಜಿಎಸ್‌ಟಿಯನ್ನು ವಜಾ ಮಾಡಿಕೊಳ್ಳುತ್ತಾನೆ. ನನ್ನಂಥವನಿಗೆ ಕಟ್ಟಿದ್ದು ಕಟ್ಟಿದ್ದೇ. ಮೇಲಾಗಿ ಅಲ್ಲಿ ಕೊಂಡದ್ದರ ವಾರಂಟಿ ಇಲ್ಲಿ ನಡೆಯುವುದಿಲ್ಲ ಎಂದು ಅಲ್ಲಿನ ಮಾರಾಟಗಾರರೇ ಅವನಿಗೆ ಸ್ಪಷ್ಟವಾಗಿ ಹೇಳಿದ್ದರು.

ಅದೇ ಮಾತುಕತೆಯಲ್ಲಿ ಅಕ್ಕನ ಮಗ ಹೇಳಿದ ಒಂದು ವಿಷಯ ಬಹಳ ಉಪಯೋಗಕ್ಕೆ ಬಂತು. ಅಮೆರಿಕದ ಮರ್ಕ್ಯುರಿ ಹೆಸರಿನಲ್ಲಿ ಮಾರುವ ಸಣ್ಣ ಎಂಜಿನ್‌ಗಳನ್ನು ಬಹುಕಾಲದಿಂದ ತಯಾರಿಸುತ್ತ ಬಂದದ್ದು ಜಪಾನಿನ ತೊಹಾತ್ಸು ಪಾಲುದಾರಿಕೆಯ ಕಂಪನಿ. ಮೇಲಿನ ಹೊದಿಕೆಯ ಬಣ್ಣ, ಹೆಸರು, ಕೆಲವು ಜೋಡಣೆಗಳು ಬೇರೆ. ಒಳಗಿನ ಯಂತ್ರ ಬಹುಪಾಲು ಒಂದೇ. ಬೆಲೆ ಮಾತ್ರ ಬೇರೆಬೇರೆ. ಹೆಸರನ್ನು ಬಿಟ್ಟು ಯಂತ್ರವನ್ನು ನೋಡುವುದನ್ನು ನಾನು ಕಲಿತದ್ದು ಅಲ್ಲಿಂದ. ಹಾಗೆ ನೋಡಿದಾಗ ಚೀನಾದ 98,000ದ ಎಂಜಿನ್ ಟೂ ಸ್ಟ್ರೋಕ್ ಎಂಬುದು ಕಣ್ಣಿಗೆ ಬಿತ್ತು. ಉಳಿದ ಮೂರೂ ಫೋರ್ ಸ್ಟ್ರೋಕ್. ಕಾರ್ಬ್ಯುರೇಟರ್ ಇರುವ ಟೂ ಸ್ಟ್ರೋಕ್ ಎಂಜಿನ್‌ಗಳನ್ನು ಹೊಗೆಯ ನಿಯಮಗಳಿಂದಾಗಿ ಅಮೆರಿಕ, ಯುರೋಪುಗಳ ಮಾರುಕಟ್ಟೆಯಿಂದ ಹೊರಗಿಟ್ಟು ವರ್ಷಗಳಾಗಿವೆ. ಏಷ್ಯಾ, ಆಫ್ರಿಕಾಗಳಲ್ಲಿ ಅವು ಈಗಲೂ ಮಾರಾಟವಾಗುತ್ತವೆ. ರಿಪೇರಿ ಸುಲಭ, ಭಾರ ಕಡಿಮೆ, ಬೆಲೆ ಕಡಿಮೆ. ಆದರೆ ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುತ್ತವೆ, ಆ ಎಣ್ಣೆಯ ಒಂದಿಷ್ಟು ಭಾಗ ನೀರಿಗೆ ಸೇರುತ್ತದೆ. ನಮ್ಮ ಬಾವಿಯ ಒರತೆ ಹಿನ್ನೀರಿನಿಂದಲೇ ಬರುವುದು. ಆ ಎಂಜಿನ್ನನ್ನು ನಾನು ಹಾಳೆಯಿಂದ ಹೊಡೆದುಹಾಕಿದೆ.

ದೀಪಾವಳಿ ಕಳೆದ ವಾರ ಮತ್ತೆ ಹೊನ್ನಾವರ. ಈ ಸಲ ಅಂಗಡಿಯವರು ಸ್ಟೂಲ್ ಎಳೆದು ಕೂರಿಸಿದರು, ಚಹಾ ತರಿಸಿದರು. ಅವರು ಕೇಳಿದ ಮೊದಲ ಪ್ರಶ್ನೆ, "ಎಂಜಿನ್ ಕೂರುವ ಹಿಂದಿನ ಹಲಗೆಯ ಎತ್ತರ ಎಷ್ಟು?" ನಾನು ಅಳೆದೇ ಇರಲಿಲ್ಲ. ಬೆಲೆಗಳನ್ನು ಐದು ತಿಂಗಳು ಹೊತ್ತು ತಿರುಗಿದರೂ ಈ ಪ್ರಶ್ನೆ ಬೇರೆ ಯಾರಿಂದಲೂ ಬಂದಿರಲಿಲ್ಲ. ಮನೆಗೆ ಫೋನ್ ಮಾಡಿ ತಮ್ಮನಿಂದ ಅಳೆಸಿದೆ: 15 ಅಂಗುಲ. ಎಂಜಿನ್ನಿನ ಕಾಲು, ಎಂದರೆ ಪಂಖವನ್ನು ಹೊತ್ತು ನೀರಿಗಿಳಿಯುವ ಕೆಳಭಾಗ, ಸಾಮಾನ್ಯವಾಗಿ 15 ಅಂಗುಲದ್ದು, 20 ಅಂಗುಲದ್ದು ಎಂದು ಎರಡು ಬಗೆ ಬರುತ್ತದೆ. ಗಿಡ್ಡ ಹಲಗೆಗೆ ಉದ್ದ ಕಾಲು ಕಟ್ಟಿದರೆ ಪಂಖ ಬೇಕಿಲ್ಲದಷ್ಟು ಆಳಕ್ಕಿಳಿದು ತಡೆಯಾಗುತ್ತದೆ, ಬೇಸಿಗೆಯ ಆಳವಿಲ್ಲದ ನೀರಿನಲ್ಲಿ ನೆಲಕ್ಕೆ ತಾಗುತ್ತದೆ. ಎತ್ತರದ ಹಲಗೆಗೆ ಗಿಡ್ಡ ಕಾಲು ಕಟ್ಟಿದರೆ ಗಾಳಿ ಎಳೆದುಕೊಂಡು ಸುಮ್ಮನೆ ಕಿರುಚುತ್ತದೆ. ಅಕ್ಕನ ಮಗ ಕಳುಹಿಸಿದ ವಿವರವನ್ನು ತೆಗೆದು ಅಲ್ಲೇ ಓದಿದೆ. ಅದು 20 ಅಂಗುಲದ್ದು. ಮೂರು ಲಕ್ಷ ಕೊಟ್ಟು ತರಿಸಿದ್ದರೆ ನನ್ನ ದೋಣಿಗೆ ಹೊಂದುತ್ತಲೇ ಇರಲಿಲ್ಲ.

"ಇಲ್ಲಿನ ದೋಣಿಗಳಿಗೆಲ್ಲ ಉದ್ದ ಕಾಲೇ ಬೇಕು. ಗಿಡ್ಡ ಕಾಲಿನದು ಒಂದು ಬಂದು ಎರಡು ವರ್ಷವಾಯಿತು, ಕೇಳುವವರಿಲ್ಲ" ಎಂದು ಅವರು ಮೂಲೆಯ ಪೆಟ್ಟಿಗೆಯನ್ನು ತೋರಿಸಿದರು. ಹೊಸತೇ, ಸೀಲು ಒಡೆದಿರಲಿಲ್ಲ. ಆದರೆ ಎರಡು ವರ್ಷ ಕದಲದೆ ಕುಳಿತ ಎಂಜಿನ್ನನ್ನು ಹಾಗೆಯೇ ಕೊಡಲು ಅವರು ಒಪ್ಪಲಿಲ್ಲ. ನನ್ನೆದುರಿಗೇ ಕೆಳಭಾಗ ಬಿಚ್ಚಿ ನೀರೆಳೆಯುವ ಪಂಪಿನೊಳಗಿಂದ ಒಂದು ರಬ್ಬರಿನ ತುಂಡನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಎಸಳುಗಳಿರುವ ಕಪ್ಪು ಹೂವಿನಂತಿತ್ತು. ಕುಳಿತಲ್ಲೇ ಕುಳಿತು ಕೆಲವು ಎಸಳುಗಳು ಒಂದೇ ಕಡೆಗೆ ಬಾಗಿ ಹಾಗೆಯೇ ಸೆಟೆದುಹೋಗಿದ್ದವು. ಬೆರಳಿನಿಂದ ನೆಟ್ಟಗೆ ಮಾಡಿ ಬಿಟ್ಟರೆ ಮೆಲ್ಲಗೆ ಮತ್ತೆ ಬಾಗುತ್ತಿದ್ದವು. ಎಂಜಿನ್ ತಣ್ಣಗಿರುವುದು ಈ ಹೂವು ಎಳೆದು ತರುವ ನೀರಿನಿಂದ. ಇದು ನೀರೆಳೆಯದಿದ್ದರೆ ನಡುನೀರಿನಲ್ಲಿ ಎಂಜಿನ್ ಕಾದು ನಿಲ್ಲುತ್ತದೆ. ಅವರು ಹೊಸದನ್ನು ಹಾಕಿದರು. ನಮ್ಮ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳಿವೆ ಎಂದು ನಾನು ಹೇಳಿದಾಗ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ನಿಮಗೆ ಒಂದು ಪಂಖ ಹೆಚ್ಚಿಗೆ ಬೇಕು" ಎಂದು ಅದನ್ನೂ ಸೇರಿಸಿದರು. ಎಲ್ಲ ಕೂಡಿ 2,08,000 ರೂಪಾಯಿ, ಸರಿಯಾದ ತೆರಿಗೆಯ ಬಿಲ್ಲಿನೊಂದಿಗೆ.

ಕಡಲಿನವರಿಗೆ ಅನಿವಾರ್ಯವಾದ, ನಮಗೆ ಬೇಡದ ಖರ್ಚು ಯಾವುದೆಂದೂ ಅವರೇ ಹೇಳಿಕೊಟ್ಟರು. ಉಪ್ಪುನೀರಿಗೆ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು ಬೇಕು. ಅದರಲ್ಲಿ ಮಾಲಿಬ್ಡಿನಮ್ ಸೇರಿರುತ್ತದೆ, ಹಾಗಾಗಿ ಬೆಲೆ ಏರುತ್ತದೆ. ಸಿಹಿನೀರಿಗೆ 304 ಸಾಕು, ಅದು ಸಾಗರದ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಕ್ಕಿತು. ಹಲಗೆಯನ್ನು ಬಲಪಡಿಸುವ ಪ್ಲೈವುಡ್‌ನಲ್ಲಿ ಮಾತ್ರ ಉಳಿತಾಯ ನೋಡಬೇಡಿ, ದೋಣಿಗೆಂದೇ ಮಾಡಿದ, ಐಎಸ್ 710 ಮುದ್ರೆ ಇರುವುದನ್ನೇ ತನ್ನಿ ಎಂದರು. ತಂದೆ. ಎಂಜಿನ್ ಕಟ್ಟಿದ ಮೇಲೆ ದೋಣಿ 2021ರ ಒಳನಾಡು ಹಡಗುಗಳ ಕಾಯ್ದೆಗೆ ಒಳಪಡುತ್ತದೆ, ನೋಂದಣಿ ಬೇಕು. ಅದಕ್ಕೂ ಅರ್ಜಿ ಹಾಕಿದೆ.

ಇನ್ನು ಲೈಫ್ ಜಾಕೆಟ್ಟಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹಿನ್ನೀರಿನ ದಡದವರೆಲ್ಲ ಓದಬೇಕೆಂದು ನನ್ನ ಆಸೆ. ಆನ್‌ಲೈನ್‌ನಲ್ಲಿ 650 ರೂಪಾಯಿಗೆ ಒಂದು ಲೈಫ್ ಜಾಕೆಟ್ ತರಿಸಿದ್ದೆ. ಹೊನ್ನಾವರದಲ್ಲಿ ಪ್ರಮಾಣಪತ್ರವಿದ್ದ ಜಾಕೆಟ್ 2,900. ಎರಡೂ ಕಿತ್ತಳೆ ಬಣ್ಣ, ಎರಡಕ್ಕೂ ಮೂರು ಪಟ್ಟಿ, ಎರಡರ ಮೇಲೂ 100 ನ್ಯೂಟನ್ ಎಂಬ ಬರಹ. ಅದರ ಅರ್ಥ, ನೀರಿನಲ್ಲಿ ಸುಮಾರು ಹತ್ತು ಕಿಲೋ ಭಾರವನ್ನು ಅದು ಎತ್ತಿ ಹಿಡಿಯಬೇಕು. ಅಡಿಕೆ ತೂಗುವ ಕಬ್ಬಿಣದ ತೂಕದ ಕಲ್ಲುಗಳನ್ನು ಚೀಲದಲ್ಲಿ ಹಾಕಿ ಜಾಕೆಟ್ಟಿಗೆ ಕಟ್ಟಿ, ನಾನೂ ತಮ್ಮನೂ ಸೊಂಟಮಟ್ಟದ ನೀರಿನಲ್ಲಿ ನಿಂತು ನೋಡಿದೆವು. ನೀರಿನಲ್ಲಿ ಕಬ್ಬಿಣ ಎಂಟನೆಯ ಒಂದು ಪಾಲಿನಷ್ಟು ಹಗುರಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದಿದ್ದೆವು. ಅಗ್ಗದ ಜಾಕೆಟ್ ಐದು ಕಿಲೋಗೆ ತೇಲಿತು. ಇನ್ನೆರಡು ಕಿಲೋ ಸೇರಿಸಿದಾಗ ಸದ್ದಿಲ್ಲದೆ ಕೆಳಗಿಳಿಯಿತು. ಇನ್ನೊಂದು ಹನ್ನೊಂದು ಕಿಲೋಗೂ ಹೆಗಲನ್ನು ನೀರಿನ ಮೇಲೆ ಇಟ್ಟುಕೊಂಡೇ ಇತ್ತು. ಮನೆಗೆ ಬಂದು ಅಗ್ಗದ್ದರ ಹೊಲಿಗೆ ಬಿಚ್ಚಿದೆ. ಒಳಗೆ ಟಿ.ವಿ. ಪೆಟ್ಟಿಗೆಗೆ ತುರುಕುವಂಥ ಪ್ಯಾಕಿಂಗ್ ಫೋಮಿನ ಚೂರುಗಳು. ಅಮ್ಮ ಆ ಚೂರನ್ನು ಹಿಂಡಿದರು, ನೀರು ಸೋರಿತು. ಏನೂ ಮಾತನಾಡಲಿಲ್ಲ.

ನಡುವಿನ 2,250 ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂದು ಈಗ ನನಗೆ ಗೊತ್ತು. ನೀರು ಹೀರದ ಫೋಮು, ಎಳೆದರೆ ಕಿತ್ತುಬರದ ಪಟ್ಟಿ ಮತ್ತು ಬಕಲ್, ಮಾದರಿಗಳನ್ನು ಪರೀಕ್ಷೆಗೆ ಕಳುಹಿಸಿ ಪ್ರಮಾಣಪತ್ರ ಪಡೆಯುವ ವೆಚ್ಚ. ಐಎಸ್‌ಒ 12402 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ 50 ನ್ಯೂಟನ್ನಿನದು ಈಜು ಬಲ್ಲವರಿಗೆ, ನೆರವು ಹತ್ತಿರವಿರುವಲ್ಲಿಗೆ ಮಾತ್ರ. ಈಜು ಬಾರದವರಿಗೆ 100 ಅಥವಾ ಅದಕ್ಕಿಂತ ಹೆಚ್ಚಿನದೇ ಬೇಕು; ಎಚ್ಚರ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವಂತೆ ಅದರ ಕುತ್ತಿಗೆಯ ಭಾಗವನ್ನು ಮಾಡಿರುತ್ತಾರೆ. ನಮ್ಮ ಊರಿನಲ್ಲಿ ದೋಣಿ ಹತ್ತುವ ಹೆಂಗಸರಲ್ಲಿ ಈಜು ಬಲ್ಲವರು ಬೆರಳೆಣಿಕೆಯಷ್ಟೂ ಇಲ್ಲ. ನಾಲ್ಕು ಜಾಕೆಟ್ ಕೊಂಡೆ. ಇಡೀ ವ್ಯವಹಾರದಲ್ಲಿ ನಾನು ಚೌಕಾಸಿ ಮಾಡದೆ ಕೊಟ್ಟ ಹಣ ಅದೊಂದೇ.

ಡಿಸೆಂಬರಿನ ಮೊದಲ ವಾರ ಅಮ್ಮ ಸೀರೆಯ ಮೇಲೆ ಜಾಕೆಟ್ ಕಟ್ಟಿಕೊಂಡು, ಒಂಬತ್ತು ವರ್ಷದ ನಂತರ ಆಚೆ ತೋಟಕ್ಕೆ ಬಂದರು. ದಾಟಲು ಹನ್ನೊಂದು ನಿಮಿಷ ಹಿಡಿಯಿತು.

ಫೆಬ್ರವರಿಯಲ್ಲಿ ನೀರು ಇಳಿಯುತ್ತಿದ್ದಾಗ ಪಂಖ ಬೊಡ್ಡೆಗೆ ತಾಗಿ ಒಂದು ಎಸಳು ಮುರಿಯಿತು. ದಡಕ್ಕೆ ಹುಟ್ಟು ಹಾಕಿ ಬಂದು, ಹೆಚ್ಚಿಗೆ ಇದ್ದ ಪಂಖವನ್ನು ಹತ್ತು ನಿಮಿಷದಲ್ಲಿ ಕೂರಿಸಿದೆ. ಹೊನ್ನಾವರಕ್ಕೆ ಫೋನ್ ಮಾಡಿದೆ, ಮರುದಿನ ಸಂಜೆಯ ಬಸ್ಸಿನಲ್ಲಿ ಸಾಗರಕ್ಕೆ ಇನ್ನೊಂದು ಬಂತು. ಅದರ ಬೆಲೆಯನ್ನು ಹಳೆಯ ಹಾಳೆಯ ಕೆಳಗೆ ಬರೆಯುತ್ತಿದ್ದಾಗ, ಎಲ್ಲಿ ತಾಗಿತು ಎಂದು ಅಮ್ಮ ಕೇಳಿದರು. ದಿಕ್ಕು ಹೇಳಿದೆ. ಅವರು ಮದುವೆಯಾಗಿ ಬಂದ ಮರುವರ್ಷವೇ ನೀರು ಬಂದದ್ದು. "ಅದು ಹೊನ್ನೆ ಮರ. ನಮ್ಮ ಕಣದ ಮೂಲೆಯಲ್ಲಿತ್ತು" ಎಂದರು.

ಮರುದಿನ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ಕೆಂಪು ಬಣ್ಣ ಬಳಿದು, ಹಗ್ಗ ಇಳಿಬಿಟ್ಟು ಆ ಬೊಡ್ಡೆಗೆ ಕಟ್ಟಿ ಬಂದೆ.